ಬಾಜೂ ಪದರ

"ಆ ಗಡಿಯಾರ ತಗದ ಒಳಗ ಬರ್ರಿ!"

ದನಿ ಗಡುಸಾಗಿತ್ತು. ಬಾಗಿಲಲ್ಲಿ ಬಳಿದಿದ್ದ ಹಳದಿ ಗೆರೆಯ ಮೇಲೆ ಕೋಮಲಳ ಕಾಲು ನಿಂತೇಬಿಟ್ಟಿತು.

ನಿಪ್ಪಾಣಿಯ ಕಾಲೇಜೊಂದರ ಅಳತೆ ಕೋಣೆ ಅದು. ಒಳಗೆ ದೊಡ್ಡ ಚುಂಬಕದ ಯಂತ್ರ. ಅದನ್ನು ನಡೆಸುವವನು ರಾಯಬಾಗದ ದುಂಡೇಶ. ಕೋಮಲ ಸಂಶೋಧನೆಗೆ ಸೇರಿ ಅಂದಿಗೆ ಮೂರನೇ ದಿನ.

"ತಗಿಯಂಗಿಲ್ರಿ."

"ಕೀಲಿ ಕೊಡೂ ಗಡಿಯಾರ ಐತಿ. ಚುಂಬಕದ ಹತ್ರ ಬಂದ್ರ ನಿಂತಬಿಡತೈತ್ರಿ."

"ಗೊತ್ತೈತ್ರಿ. ಅದಕ್ಕ ನಾ ಒಳಗ ಬರಂಗಿಲ್ಲ. ಇಲ್ಲೇ ನಿಂತ ಬರ್ಕೋತೀನಿ. ನೀವು ಅಂಕಿ ಕೂಗ್ರಿ."

"ನಾ ಏನ್ ತಂಬಾಕದ ಲಿಲಾವ ಕೂಗಾಂವ ಏನ್ರಿ?!"

ಆದರೂ ಕೂಗಿದ.

ಅದು ಅಮೋಲನ ಗಡಿಯಾರ. ಭೋಜದ ರಸ್ತೆಯಲ್ಲಿ ಕಬ್ಬಿನ ಟ್ರೇಲರಿಗೆ ಬೈಕ್ ಬಡಿದು ಗಂಡ ಹೋಗಿ ಎರಡು ವರ್ಷ. ಅವಳ ಸಣ್ಣ ಕೈಯಲ್ಲಿ ಅದು ಮೊಣಕೈವರೆಗೆ ಜಾರುತ್ತಿತ್ತು. ಯಾರ ಕೈಗೂ ಕೊಟ್ಟಿರಲಿಲ್ಲ.

ಅವಳು ಹಿಡಿದ ಕೆಲಸ ಕಷ್ಟದ್ದು. ಅತಿ ತಣ್ಣಗೆ ಮಾಡಿದ ಅತಿವಾಹಕದಲ್ಲಿ ವಿದ್ಯುತ್ ತಡೆಯೇ ಇಲ್ಲದೆ ಹರಿಯುತ್ತದೆ. ಚುಂಬಕಗುಣ ಸಾಮಾನ್ಯವಾಗಿ ಆ ಹರಿವನ್ನು ಕೆಡಿಸುತ್ತದೆ. ಎರಡೂ ಒಟ್ಟಿಗೆ ಇರುವ ವಸ್ತುಗಳು ಕೆಲವೇ. ಅಂಥದೊಂದನ್ನು ರುಥೇನಿಯಂ ಎಂಬ ಲೋಹ, ತಾಮ್ರ ಬೆರೆಸಿ ಗುಂಡಿಯಷ್ಟು ಬಿಲ್ಲೆಯಾಗಿ ಅವಳು ಸುಡಬೇಕಿತ್ತು.

ಆರು ಬಿಲ್ಲೆ ಸೋತವು. ಗೆರೆಯ ಆಚೆ ಅವನು, ಈಚೆ ಅವಳು. ಅಂಕಿಗಳ ನಡುವೆ ಮಾತು, ಮಾತಿನ ನಡುವೆ ನಗು... ಅವನ ಕೂಗಿಗೆ ತಾನು ಕಾಯುತ್ತಿದ್ದೇನೆ ಎಂದು ತಿಳಿದ ದಿನ ಕೋಮಲ ಹೆದರಿದಳು.

ಏಳನೆಯದೂ ಸೋತಿತು. ಬಿಲ್ಲೆಯಲ್ಲಿ ಚುಂಬಕಗುಣ ಇತ್ತು, ತಡೆಯಿಲ್ಲದ ಹರಿವು ಬರಲಿಲ್ಲ.

"ಎರಡೂ ಒಂದ ಕಡೆ ಇರೂದಿಲ್ರಿ," ದುಂಡೇಶ ನಿಟ್ಟುಸಿರಿಟ್ಟ. "ಹಳೇದ ಹಿಡ್ಕೊಂಡ ಎಷ್ಟ ದಿನ ಕೂಡ್ತೀರಿ? ಬಿಡ್ರಿ ಅದನ್ನ."

ಗಡಿಯಾರ ಬಿಡು ಎನ್ನುವ ಊರವರ ಹಾಗೆ ಇವನೂ ಅಂದನೇ?!

"ಬಿಡಂಗಿಲ್ಲ!" ಮಣಿಕಟ್ಟು ಒತ್ತಿ ಹಿಡಿದು ಹೊರಟೇಹೋದಳು.

ಭೋಜದ ಮನೆಯಲ್ಲಿ ಅತ್ತೆ ಕಸ್ತೂರೆವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ಎಲ್ಲ ಕೇಳಿದಳು.

"ಯಂತ್ರದಾಂವನ ಮಾತಿಗೆ ಇಷ್ಟ ಸಿಟ್ಟ ಬಂತಂದ್ರ, ಅಂವಾ ಬರೇ ಯಂತ್ರದಾಂವ ಅಲ್ಲ ಬಿಡ!"

"ಅತ್ತಿ..."

"ನನ್ನ ಮಗನ ಗಡಿಯಾರ ನಿಂದರಬಾರದಂತ ದಿನಾ ಕೀಲಿ ಕೊಡ್ತಿ. ಮತ್ತ ನೀ ಯಾಕ ನಿಂತಿ ಕೋಮಲಾ?"

ಮರುದಿನವೇ ಕೋಮಲ ಭಟ್ಟಿಗೆ ಮರಳಿದಳು. ಎಂಟನೇ ಬಿಲ್ಲೆ ಬಾಕಿ ಇತ್ತು.

ಅವಸರ ಮಾಡಿದ್ದೇ ತಪ್ಪು ಎನಿಸಿತು. ಅದೇ ಬೆರಕೆಯನ್ನು ಆಮ್ಲಜನಕ ಹರಿಸುತ್ತ ಏಳು ದಿನ ಭಟ್ಟಿಯಲ್ಲಿಟ್ಟಳು. ಎಂಟನೇ ದಿನ ಬಿಲ್ಲೆಯನ್ನು ಗೆರೆಯಾಚೆ ದುಂಡೇಶನಿಗೆ ಚಾಚಿದಳು.

"ಸೊನ್ನೆಗಿಂತ ಇನ್ನೂರಾ ಮೂವತ್ತ ಡಿಗ್ರಿ ಕೆಳಗ... ಇನ್ನೂರಾ ನಲವತ್ತ..." ಕೂಗು ನಿಂತಿತು.

"ಕೂಗ್ರಿ!"

"ಕೂಗಾಕ ಏನೂ ಉಳದಿಲ್ರಿ... ತಡೆ ಸೊನ್ನೆ ಆಗೈತಿ!"

"ಚುಂಬಕಗುಣ ಹೋತೇನ್ರಿ?"

"ಇಲ್ರೀ! ಎರಡೂ ಅದಾವ!"

ದುಂಡೇಶ ಗೆರೆಯವರೆಗೆ ಓಡಿ ಬಂದ. "ನನ್ನ ಮಾತ ಸುಳ್ಳ ಮಾಡಿದ್ರಿ. ಆದ್ರ ಅವತ್ತ ನಾ ಅಂದದ್ದು ಈ ಹಳೇ ಬೆರಕಿ ಬಗ್ಗೆ ರೀ. ಗಡಿಯಾರ ಬಿಡ್ರಿ ಅಂತ ನಾ ಯಾಕ ಅನ್ಲಿ?"

ಕೋಮಲ ಅವನನ್ನೇ ನೋಡಿದಳು. ಗಡಿಯಾರದ ಪಟ್ಟಿ ಬಿಚ್ಚಿದಳು. "ಹೊರಗ ನಿಂತ ಹಿಡೀರಿ. ಸೊನ್ನೆ ನಾನ ನೋಡಬೇಕು."

ಮೊದಲ ಸಲ ಗೆರೆ ದಾಟಿದಳು.

ತಿರುಗಿ ಬಂದಾಗ ಅವನು ಎರಡೂ ಅಂಗೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದ, ಅಲುಗದೆ.

"ಬಿಲ್ಲೆದಾಗ ಪದರ ಪದರ ಅದಾವ್ರಿ. ರುಥೇನಿಯಂ ಪದರದಾಗ ಚುಂಬಕ, ತಾಮ್ರದ ಪದರದಾಗ ಹರಿವು. ಒಂದರ ಜಾಗಾ ಇನ್ನೊಂದು ಕೇಳೂದಿಲ್ಲ," ಕೋಮಲ ಅಂದಳು. "ಅಮೋಲ ನನ್ನೊಳಗ ಇರ್ತಾರ. ತಿಳ್ಕೊಂಡ ಬರೂದಿದ್ರ ಬರ್ರಿ."

"ನನಗ ಬಾಜೂ ಪದರ ಸಾಕ್ರಿ, ಕೋಮಲಾ."

ಅವನು ಅವಳ ಕೈಗೆ ಕಟ್ಟಿದ. ಗಡಿಯಾರ ಮತ್ತೆ ಜಾರಿತು.

"ಪಟ್ಟಿಗೆ ಇನ್ನೊಂದ ತೂತ ಹಾಕ್ಲೇನ್ರಿ? ಇದು ಬೀಳಬಾರದು."

ಎರಡು ವರ್ಷ ಒಣಗಿದ್ದ ಕಣ್ಣು ತುಂಬಿತು.

"ಹಾಕ್ರಿ... ಕೀಲಿ ಮಾತ್ರ ದಿನಾ ನಾನ ಕೊಡಾಕಿ!"

"ಹೂಂರಿ. ಮರತ್ರ ನೆನಪ ಮಾಡೂ ಕೆಲಸ ನಂದು."