ಹೆಡಗೆಯಲ್ಲಿ ಎರಡು ಕಣ್ಣು

"ಛೇ, ಇದೂ ವೇಸ್ಟ್!" ಎನ್ನುತ್ತ ಸ್ವಾತಿ ಅಮ್ಮನ ಮೊಬೈಲಿನಿಂದ ಇನ್ನೊಂದು ಫೋಟೋ ಡಿಲೀಟ್ ಮಾಡಿದಳು.

ಒಣಗಿದ ಎಲೆಯಂತೆಯೇ ಕಾಣುವ ಕಪ್ಪೆಯ ಫೋಟೋ ಬೇಕಿತ್ತು. ಚೆನ್ನಾಗಿ ಬಂದರೆ ಕಾರವಾರದ ಫೋಟೋ ಪ್ರದರ್ಶನಕ್ಕೆ ಕಳಿಸುತ್ತೇನೆ ಎಂದಿದ್ದರು ಮಂದಾಕಿನಿ ಟೀಚರ್. ಅದಕ್ಕೇ ಬೆಳಿಗ್ಗೆ ಶಂಕರಿ ಅಜ್ಜಿಯ ಬೆನ್ನು ಹತ್ತಿ ಗುಡ್ಡದ ಕಾಡಿಗೆ ಹೋಗಿದ್ದಳು.

ಮಳೆಗಾಲ ಹಿಡಿಯುವ ಮೊದಲು ಅಜ್ಜಿಗೆ ಬಚ್ಚಲೊಲೆಗೆ ದರಕು ಬೇಕು. ಹಳ್ಳದ ದಂಡೆಯ ಒಣ ಎಲೆಗಳನ್ನು ಗುಡಿಸಿ ಬಿದಿರಿನ ಹೆಡಗೆಗೆ ತುಂಬಿದಳು. ಸ್ವಾತಿ ಕಲ್ಲು, ಬೇರು, ಪೊಟರೆ ಎಲ್ಲ ಜಾಲಾಡಿ, ಅನುಮಾನ ಬಂದಲ್ಲೆಲ್ಲ ಫೋಟೋ ಹೊಡೆದಳು. ವಟವಟ ಕೇಳಿತೇ ಹೊರತು ಒಂದು ಕಪ್ಪೆಯೂ ಕಣ್ಣಿಗೆ ಬೀಳಲಿಲ್ಲ. ಸಿಟ್ಟಿನಲ್ಲಿ ಅಜ್ಜಿಯ ಹೆಡಗೆಯದೇ ಒಂದು ಫೋಟೋ ಹೊಡೆದು ಬಂದಿದ್ದಳು.

ಈಗ ಉಳಿದದ್ದು ಅದೊಂದೇ. ಡಿಲೀಟ್ ಒತ್ತುವಷ್ಟರಲ್ಲಿ ಏನೋ ಹೊಳೆದಂತಾಯಿತು. ಝೂಮ್ ಮಾಡಿದಳು.

ಒಣ ಎಲೆಗೆ ಎರಡು ಕಣ್ಣು!

ಅಯ್ಯೋ ದೇವರೇ! ಕಂಕುಳಲ್ಲೇ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ! ಸ್ವಾತಿ ಕುಣಿಯಬೇಕು, ಅಷ್ಟರಲ್ಲಿ ಬಚ್ಚಲಿನಿಂದ ಹೊಗೆ ಬಂತು.

"ಅಜ್ಜೀ! ಒಲೆಗೆ ಹಾಕ್ಬೇಡಾ!"

ಓಡಿ ಹೋಗಿ ನೋಡಿದರೆ, ಅಜ್ಜಿ ಆಗಲೇ ಒಂದು ತಬ್ಬು ದರಕನ್ನು ಒಲೆಗೆ ತುರುಕಿಯಾಗಿತ್ತು. ಬೆಂಕಿ ಭಗ್ಗೆಂದು ಎದ್ದಿತ್ತು.

"ಎಂತಾ ಆಯ್ತೆ? ಹಾವೇನೆ?"

"ಕಪ್ಪೆ ಅಜ್ಜಿ... ಅದ್ರಲ್ಲಿ ಕಪ್ಪೆ ಇತ್ತು!" ಸ್ವಾತಿಗೆ ಅಳು ಬಂದೇಬಿಟ್ಟಿತು.

"ಅಯ್ಯಯ್ಯೋ, ನಾ ನೋಡ್ಲೇ ಇಲ್ವಲ್ಲೇ!" ಅಜ್ಜಿಯ ಮುಖ ಬಿಳಿಚಿಕೊಂಡಿತು. ಉಳಿದ ದರಕನ್ನು ಅಲ್ಲೇ ಸುರಿದಳು. ಇಬ್ಬರೂ ಒಂದೊಂದೇ ಎಲೆ ಎತ್ತಿ ನೋಡಿದರು. ಇಲ್ಲ. ಎಲ್ಲೂ ಇಲ್ಲ. ಒಲೆಯ ಕಡೆ ನೋಡಲು ಸ್ವಾತಿಗೆ ಧೈರ್ಯ ಬರಲಿಲ್ಲ. ಖಾಲಿ ಹೆಡಗೆಯನ್ನು ಎತ್ತಿಕೊಂಡಳು.

ತಳದಲ್ಲಿ ಒಂದು ಎಲೆ ಅಂಟಿಕೊಂಡಿತ್ತು. ಅದರ ಗಂಟಲು ಮಿಡಿಯುತ್ತಿತ್ತು.

"ಜೀವ ಅದೆ ಅಜ್ಜೀ!"

ಹೆಡಗೆಗೆ ಒದ್ದೆ ಬಟ್ಟೆ ಮುಚ್ಚಿ ಇಬ್ಬರೂ ಮತ್ತೆ ಹಳ್ಳದ ದಂಡೆಗೆ ಹೋದರು.

"ಈಗ ಹೊಡಿ ನಿನ್ನ ಫೋಟೋ," ಎಂದಳು ಅಜ್ಜಿ.

"ಬೇಡ. ಹೆದ್ರಕಂಡದೆ ಪಾಪ."

ಕಪ್ಪೆ ಎರಡು ಸಲ ಕುಪ್ಪಳಿಸಿ ದರಕಿನ ಮೇಲೆ ಕೂತಿತು. ಸ್ವಾತಿ ಕಣ್ಣು ಮಿಟುಕಿಸಿದಳು. ಅಷ್ಟೇ, ಈಗ ಅಲ್ಲಿ ಬರೀ ಎಲೆ.

ಮನೆಗೆ ಹೊರಡಲು ಕಾಲೆತ್ತಿದವಳು ಹಾಗೇ ನಿಂತುಬಿಟ್ಟಳು. ಕಾಡಿನ ತುಂಬ ಒಣ ಎಲೆ.

"ಅಜ್ಜಿ... ಬೆಳಿಗ್ಗೆ ನಾ ಇಲ್ಲೆಲ್ಲಾ ಎಲೆ ತುಳ್ಕಂಡೇ ಓಡಾಡಿದ್ನಲ್ಲ..."

ಅಜ್ಜಿ ಖಾಲಿ ಹೆಡಗೆ ಹೊತ್ತು, ಹಳ್ಳದ ಬರಿ ಕಲ್ಲಿನ ಮೇಲೆ ಕಾಲಿಟ್ಟು ಹೊರಟಳು. ಸ್ವಾತಿಯೂ ಎತ್ತಿದ ಕಾಲನ್ನು ಮೆಲ್ಲಗೆ ಕಲ್ಲಿನ ಮೇಲೇ ಇಟ್ಟಳು.