ಸದ್ದಿಲ್ಲದ ಫ್ಯಾನ್

"ಮತ್ತೆ ಆಫ್ ಆಯ್ತು ಕಣೆ," ಎಂದಳು ಅಕ್ಕ. ಬೆಳಗಿನಿಂದ ಇದು ಐದನೇ ಸಲ.

ಲ್ಯಾಪ್‌ಟಾಪಿನ ತಳ ಮುಟ್ಟಿದರೆ ಕೈ ಸುಡುತ್ತಿತ್ತು. ಅಕ್ಕ ಆರು ತಿಂಗಳು ಕೂತು ಮಾಡಿದ ಕಾರ್ಟೂನ್ ಸಿನಿಮಾ ಅದರಲ್ಲಿತ್ತು. ಅದೇ ಅವಳ ಕಾಲೇಜಿನ ಕೊನೆಯ ಪ್ರಾಜೆಕ್ಟ್. ಚಿತ್ರಗಳನ್ನೆಲ್ಲ ಜೋಡಿಸಿ ವಿಡಿಯೋ ಮಾಡಲು ಮುಕ್ಕಾಲು ಗಂಟೆ ಬೇಕು. ಲ್ಯಾಪ್‌ಟಾಪ್ ಮಾತ್ರ ಹತ್ತೇ ನಿಮಿಷಕ್ಕೆ ಕಾದು ಕಣ್ಣು ಮುಚ್ಚುತ್ತಿತ್ತು. ಸಂಜೆ ನಾಲ್ಕರೊಳಗೆ ಕಳಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಭಾನುವಾರವಾದ್ದರಿಂದ ರಿಪೇರಿ ಅಂಗಡಿಗೂ ಬೀಗ.

ತಂಗಿ ಗುಬ್ಬಿ ಪಕ್ಕದಲ್ಲೇ ಕೂತಿದ್ದಳು.

ಸ್ವಲ್ಪ ತಣ್ಣಗಾದ ಮೇಲೆ ಅಕ್ಕ ಮತ್ತೆ ಆನ್ ಮಾಡಿ, ಲಿನಕ್ಸಿನ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಟೈಪ್ ಮಾಡಿದಳು. ಲ್ಯಾಪ್‌ಟಾಪನ್ನು ತಂಪಾಗಿಡುವ ಒಳಗಿನ ಫ್ಯಾನಿನ ವೇಗ ಸೊನ್ನೆ ಎಂದು ಬಂತು.

"ಫ್ಯಾನೇ ಸತ್ತಿದೆ ಅನ್ಸುತ್ತೆ."

ಸತ್ತಿರಲಿಲ್ಲ. ಮೊದಲ ಸಲ ಆಫ್ ಆದಾಗಲೇ ಗುಬ್ಬಿಗೆ ಗೊತ್ತಾಗಿತ್ತು. ಶಾಲೆಗೆಂದು ಅವಳು ಇದೇ ಲ್ಯಾಪ್‌ಟಾಪಿನಲ್ಲಿ ಪದ್ಯ ರೆಕಾರ್ಡ್ ಮಾಡಿ ಕಳಿಸಿದ್ದಾಗ ಮಿಸ್, "ಹಿಂದೆ ಮಿಕ್ಸಿ ತಿರುಗ್ತಿತ್ತಾ?" ಎಂದಿದ್ದರು. ಕ್ಲಾಸೆಲ್ಲ ನಕ್ಕಿತ್ತು. ಅದಕ್ಕೇ ನಿನ್ನೆ ಮತ್ತೆ ರೆಕಾರ್ಡ್ ಮಾಡುವಾಗ ಇಂಟರ್ನೆಟ್ಟಿನಿಂದ ಕಮಾಂಡಿನ ಒಂದು ಸಾಲು ಕಾಪಿ ಮಾಡಿ ಫ್ಯಾನ್ ನಿಲ್ಲಿಸಿದ್ದಳು. ಪ್ರತಿ ಸಲ ಆನ್ ಮಾಡಿದಾಗಲೂ ತಾನಾಗಿ ನಿಲ್ಲಲಿ ಎಂದು ಸ್ಟಾರ್ಟಪ್ ಫೈಲಿಗೂ ಆ ಸಾಲು ಸೇರಿಸಿದ್ದಳು. ತೆಗೆಯುವುದು ಮರೆತೇ ಹೋಗಿತ್ತು.

ಹೇಳಿಬಿಡೋಣ ಎಂದುಕೊಂಡಳು. ಬೈಸಿಕೊಳ್ಳುವ ಭಯಕ್ಕೆ ಬಾಯೇ ಬರಲಿಲ್ಲ. ಅಷ್ಟರಲ್ಲಿ ಅಕ್ಕ ಸ್ಕ್ರೂಡ್ರೈವರ್ ತಂದಳು.

ಹನ್ನೊಂದು ಸ್ಕ್ರೂ ಬಿಚ್ಚಿದ್ದಾಯಿತು. ಬ್ರಷ್ಷಿನಿಂದ ಧೂಳು ತೆಗೆದದ್ದೂ ಆಯಿತು. ಬೆರಳಿನಿಂದ ತಳ್ಳಿದರೆ ಫ್ಯಾನ್ ಸಲೀಸಾಗಿ ತಿರುಗುತ್ತಿತ್ತು. ಆನ್ ಮಾಡಿದರೆ ಅಲ್ಲಾಡುತ್ತಿರಲಿಲ್ಲ. ಗಂಟೆ ಮೂರೂವರೆ.

"ಇದನ್ನ ಹಾಸಿಗೆ ಮೇಲಿಟ್ಕೊಂಡು ಕೆಲಸ ಮಾಡಿ ಫ್ಯಾನ್ ಕೆಡಿಸ್ದೆ. ನಂದೇ ತಪ್ಪು," ಎಂದು ಅಕ್ಕ ಅತ್ತೇಬಿಟ್ಟಳು.

ಗುಬ್ಬಿಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕಾ, ಫ್ಯಾನ್ ನಿಲ್ಸಿದ್ದು ನಾನು," ಎಂದು ಎಲ್ಲ ಹೇಳಿದಳು.

ಆ ಸಾಲು ಅಳಿಸಿ ಮತ್ತೆ ಶುರು ಮಾಡಲು ಅಕ್ಕನಿಗೆ ಎರಡೇ ನಿಮಿಷ ಸಾಕಾಯಿತು. ಫ್ಯಾನ್ ಗುಂಯ್ ಎಂದು ತಿರುಗಿತು. ಇಬ್ಬರೂ ಪರದೆಯಿಂದ ಕಣ್ಣು ಕೀಳದೆ ಕೂತರು. ನಾಲ್ಕು ಹೊಡೆದಾಗ ವಿಡಿಯೋ ಅರವತ್ತು ಪರ್ಸೆಂಟ್ ಮುಗಿದಿತ್ತು.

"ನಿಂಗೆ ಬೆಳಿಗ್ಗೆನೇ ಗೊತ್ತಿತ್ತಾ?" ಅಕ್ಕ ಮೆಲ್ಲಗೆ ಕೇಳಿದಳು.

ಗುಬ್ಬಿ ಹೂಂ ಎಂದಳು.

ಅಕ್ಕ ಬೈಯಲಿಲ್ಲ. ನೆಲದ ಮೇಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಗುಬ್ಬಿಯೂ ಬಗ್ಗಿ ಕೈ ಚಾಚಿದಳು.

"ಬೇಡ. ನಾನೇ ಆರಿಸ್ಕೋತೀನಿ."

ಗುಬ್ಬಿ ಕೈ ಹಿಂದಕ್ಕೆಳೆದುಕೊಂಡಳು. ಬೆಳಿಗ್ಗೆಯೇ ಬೈಸಿಕೊಂಡಿದ್ದರೆ ಇಷ್ಟು ಹೊತ್ತಿಗೆ ಆ ಬೈಗುಳ ಮುಗಿದೇ ಹೋಗಿರುತ್ತಿತ್ತು.