ಪಿಚ್ ಮೇಲೆ ಗೂಟ

"ಟೆಂಟಿನ ಲಾರಿ ಕೆಳಗಿನ ಮೈದಾನಕ್ಕೇ ಹೋಯ್ತು ಕಣೇ! ನಮ್ಮ ಪಿಚ್ ಬಚಾವ್!" ಏಣಿ ಕಿರುಚಿಕೊಂಡು ಓಡಿ ಬಂದ.

ಏಣಿ ಅಂದರೆ ಟೀಮಿನ ಉದ್ದನೆಯ ಬೌಲರ್. ಕ್ಯಾಪ್ಟನ್ ಹುಡುಗಿಯನ್ನು ಎಲ್ಲರೂ ಪಟಾಕಿ ಅಂತಲೇ ಕರೆಯುವುದು. ಹೆಸರಿಗೆ ತಕ್ಕ ಹಾಗೆ ಅವಳು ನಿಂತಲ್ಲೇ ಸಿಡಿದು ಕುಣಿದಳು. ನಾಳೆ ಮೇಲಿನ ಮೈದಾನದಲ್ಲಿ ಫೈನಲ್! ರಜೆಯೆಲ್ಲ ಕಲ್ಲು ಆರಿಸಿ, ಮಣ್ಣು ತಟ್ಟಿ ಮಾಡಿದ ಪಿಚ್ ಅದು.

ಮಳೆ ನಿಂತಿದ್ದರೂ ಹೊಳೆ ಏರುತ್ತಲೇ ಇತ್ತು. ದಂಡೆಯ ಆಸ್ಪತ್ರೆ ಖಾಲಿ ಮಾಡಿ, ರೋಗಿಗಳಿಗಾಗಿ ಕೆಳಗಿನ ಮೈದಾನದಲ್ಲಿ ಟೆಂಟ್ ಹಾಕುತ್ತಿದ್ದರು. ಪಟಾಕಿಯ ಅಮ್ಮ ಆ ಆಸ್ಪತ್ರೆಯಲ್ಲೇ ನರ್ಸ್.

ಇಬ್ಬರೂ ನೋಡಲು ಓಡಿದರು. ಟೆಂಟಿನ ಮಾಮ ಗೂಟ ಹೊಡೆಯುತ್ತಿದ್ದರು. ಅಮ್ಮ ಲಾರಿಯಿಂದ ಮಂಚ ಇಳಿಸುತ್ತಿದ್ದಳು.

ಅಷ್ಟರಲ್ಲಿ ಪಟಾಕಿಯ ಕಣ್ಣು ಮೂಲೆಯ ಮೋರಿಯ ಮೇಲೆ ಬಿತ್ತು. ಹೊಳೆಗೆ ಹೋಗಬೇಕಾದ ನೀರು ಗುಳುಗುಳು ಅಂತ ವಾಪಸ್ ಬರುತ್ತಿತ್ತು! ಹೋದ ವರ್ಷ ಇಲ್ಲಿ ಆಡುವಾಗಲೂ ನೀರು ಹೀಗೇ ಬಂದು, ಟೀಮಿನ ಸ್ಟಂಪುಗಳೆಲ್ಲ ತೇಲಿಹೋಗಿದ್ದವು.

"ಸುಮ್ನಿರೇ," ಏಣಿ ಪಿಸುಗುಟ್ಟಿದ. "ಹೇಳಿದ್ರೆ ಎಲ್ಲಾರೂ ನಮ್ಮ ಮೈದಾನಕ್ಕೇ ಬರ್ತಾರೆ. ಫೈನಲ್ ಗೋವಿಂದ!"

ಪಟಾಕಿಗೆ ಅಳುವೇ ಬಂತು. ಆಗ ಆಂಬುಲೆನ್ಸಿನಿಂದ ಒಬ್ಬ ಅಜ್ಜಿಯನ್ನು ಇಳಿಸಿದರು. ತೊಡೆತನಕ ಬಿಳೀ ಪ್ಲಾಸ್ಟರ್. ಈ ಅಜ್ಜಿ ನೀರು ಬಂದರೆ ಎದ್ದು ಓಡುವುದು ಹೇಗೆ?

"ಅಮ್ಮಾ! ಇಲ್ಲಿ ಬೇಡ! ಮೋರಿ ನೋಡು!"

ಅಮ್ಮ ತಿರುಗಿ ನೋಡಿದಳು. "ಅಯ್ಯೋ ದೇವರೇ! ಈಗ ಇವರನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಪಟಾಕಿ ದಿಬ್ಬದ ಕಡೆ ಕೈ ತೋರಿಸಿದಳು. "ನಮ್ಮ ಮೈದಾನಕ್ಕೆ. ಅಲ್ಲಿಗೆ ಯಾವತ್ತೂ ನೀರು ಬಂದಿಲ್ಲಮ್ಮ."

ಆಮೇಲಿನ ಗಡಿಬಿಡಿ ನೋಡಬೇಕಿತ್ತು! ದಿಂಬು ಹೊತ್ತವರೇನು, ಬಕೆಟ್ ಹೊತ್ತವರೇನು, ಇಡೀ ಟೀಮು ದಿಬ್ಬ ಹತ್ತಿ ಇಳಿಯಿತು. ಏಣಿ ಮುಖ ಊದಿಸಿಕೊಂಡೇ ಮಂಚದ ಒಂದು ತುದಿ ಹಿಡಿದ. ಕೊನೆಯ ಮಂಚ ಮೇಲೆ ಬರುವಷ್ಟರಲ್ಲಿ ಕೆಳಗಿನ ಮೈದಾನ ಕೆರೆಯಾಗಿತ್ತು. ಏಣಿ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ.

ಟೆಂಟಿನ ಮಾಮ ಪಿಚ್ ಪಕ್ಕ ಬಂದು ತಲೆ ಕೆರೆದುಕೊಂಡರು. "ಸುತ್ತ ಮಣ್ಣು ಮೆತ್ತಗಿದೆ, ಗೂಟ ನಿಲ್ತಿಲ್ಲ. ಗಟ್ಟಿ ನೆಲ ಅಂದ್ರೆ ಇದೊಂದೇ. ಏನ್ಮಾಡ್ಲಿ ಕ್ಯಾಪ್ಟನ್?"

ಪಟಾಕಿ ಒಂದು ಕ್ಷಣ ಪಿಚ್ ನೋಡಿದಳು. ಆಮೇಲೆ ಮಂಡಿಯೂರಿ, ಗೂಟವನ್ನು ನಟ್ಟನಡುವೆ ಇಟ್ಟು ಎರಡೂ ಕೈಯಲ್ಲಿ ಹಿಡಿದಳು. ಅದು ಸ್ವಲ್ಪ ವಾಲಿತು.

ಏಣಿ ಪಕ್ಕದಲ್ಲಿ ಕೂತು ನೆಟ್ಟಗೆ ಮಾಡಿದ.

"ಹೊಡೀರಿ ಮಾಮ," ಅಂದಳು ಪಟಾಕಿ. "ಜೋರಾಗಿ ಹೊಡೀರಿ."